ಗೂಟ ಚಿಗುರಿದ ವರ್ಷ

ಊಟವಾದ ಮೇಲೆ ನಮ್ಮಮ್ಮ ಎಲೆ ಹಾಕಿಕೊಳ್ಳಲು ಕೂರುವುದೆಂದರೆ ಅದೊಂದು ಸಮಾರಂಭ. ಲಕ್ಷ್ಮೀಪುರಂನ ನಮ್ಮ ಮನೆಯ ನಡುಮನೆಯಲ್ಲಿ, ಕಿಟಕಿ ಪಕ್ಕ ಮಣೆ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿ, ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರುತ್ತಾಳೆ. ತೊಟ್ಟು ಮುರಿದಾಗ ಒಂದು ಘಾಟು ಏಳುತ್ತದೆ ನೋಡಿ, ಖಾರವೂ ಹೌದು, ತಂಪೂ ಹೌದು. ಮೊನ್ನೆ ಮಳೆ ಹಿಡಿದು ಕೂತಿದ್ದ ಮಧ್ಯಾಹ್ನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅಂಗಾಲು ತಣ್ಣಗಾಯಿತು. ಸುಳ್ಳಲ್ಲ. ಆ ಒಂದು ವರ್ಷ ನಾನು ಬರಿಗಾಲಲ್ಲಿ ಕೆಲಸ ಮಾಡಿದವಳು.

"ಎಲ್ಲಿಗೆ ಹೋದೆಯೇ ಉಮಾ? ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದೀಯಾ?" ಅಂದಳು ಅಮ್ಮ.

"ಶಿವಮ್ಮನ ತೋಟಕ್ಕೆ," ಅಂದೆ.

"ಹೋಗೋದಾದ್ರೆ ಬರೀ ಮನಸ್ಸಲ್ಲಿ ಹೋಗ್ಬೇಡ. ಡಬ್ಬೀಲಿ ಎಲೆ ಮುಗೀತಾ ಬಂತು."

ನಾನು ಇಂಜಿನಿಯರ್. ಜನ ಫೋಟೋ ತೆಗೆಸಿಕೊಳ್ಳುವಂಥದ್ದನ್ನೇನೂ ಕಟ್ಟುವವಳಲ್ಲ. ಊರಿನ ಮಳೆನೀರು ಎಲ್ಲಿ ಬಿದ್ದು ಎಲ್ಲಿಗೆ ಹೋಗಬೇಕು ಅನ್ನುವುದನ್ನು ನೋಡಿಕೊಳ್ಳುವವಳು. ಕಾಲುವೆ ಸರಿಯಾಗಿದ್ದರೆ ಅದೊಂದಿದೆ ಅಂತಲೇ ಯಾರಿಗೂ ಗೊತ್ತಿರುವುದಿಲ್ಲ. ಕಟ್ಟಿಕೊಂಡಾಗ ಮಾತ್ರ ನಮ್ಮ ನೆನಪಾಗುತ್ತದೆ, ಅದೂ ಬೈಯುವುದಕ್ಕೆ. ಆ ವರ್ಷ ನನ್ನ ಪಾಲಿಗೆ ಬಂದದ್ದು ನಂಜನಗೂಡು ರಸ್ತೆ ಕಡೆಯ ಒಂದು ತಗ್ಗು ಬಡಾವಣೆ. ಅದರ ಮೇಲ್ಗಡೆ ಹೊಸ ಮನೆಗಳೆದ್ದು, ಹೊಲವಿದ್ದಲ್ಲೆಲ್ಲ ಕಾಂಕ್ರೀಟು ಬಿದ್ದು, ಇಂಗಬೇಕಾದ ನೀರು ಇಳಿಜಾರು ಹಿಡಿದು ಕೆಳಗಿನ ಮನೆಗಳಿಗೆ ನುಗ್ಗುತ್ತಿತ್ತು. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಉಳಿದಿದ್ದ ಹಸಿರು ಒಂದೇ, ಶಿವಮ್ಮನ ಎಲೆತೋಟ.

ಕಚೇರಿಯಲ್ಲಿ ಒಂದು ಯೋಜನೆ ಆಗಲೇ ತಯಾರಿತ್ತು. ಮೇಲಿನ ರಸ್ತೆಯ ಮೋರಿಯಿಂದ ಕೆಳಗಿನ ದೊಡ್ಡ ಕಾಲುವೆಯವರೆಗೆ ಸ್ಕೇಲ್ ಇಟ್ಟು ಎಳೆದ ನೇರ ಗೆರೆ. ಕಾಂಕ್ರೀಟ್ ಚರಂಡಿ, ಪಕ್ಕಕ್ಕೊಂದು ಟಾರು ರಸ್ತೆ. ಗೆರೆ ತೋಟದ ಹೊಟ್ಟೆಯ ಮೇಲೇ ಹಾದು ಹೋಗುತ್ತಿತ್ತು. ನಕ್ಷೆಯಲ್ಲಿ ಅಲ್ಲಿ ಏನೂ ಬರೆದಿರಲಿಲ್ಲ, ಬರೀ ಬಿಳಿ ಜಾಗ. ನೋಡಿಕೊಂಡು ಬರೋಣ ಅಂತ ಮುಂಗಾರಿನ ಮೊದಲ ಜಿಟಿಜಿಟಿಯಲ್ಲಿ ಹೊರಟೆ. ಜೊತೆಗೆ ಅಳತೆಕೋಲು ಹಿಡಿಯುವ ಮಾದೇವ ಇದ್ದ. ನಿವೃತ್ತಿಗೆ ಹತ್ತಿರ ಬಂದಿದ್ದ ಮನುಷ್ಯ, ಬಾಯಿ ಬಿಟ್ಟರೆ ತಮಾಷೆ.

ತೋಟದ ಬೇಲಿ ದಾಟಿ ಒಂದು ಹೆಜ್ಜೆ ಇಟ್ಟಿದ್ದೆ ಅಷ್ಟೇ.

"ಅಲ್ಲೇ ನಿಂತ್ಕಳಿ! ಮೆಟ್ಟು ಬುಟ್ಟು ಬನ್ನಿ!"

ಹಸಿರು ಸಾಲುಗಳ ನಡುವಿನಿಂದ ಒಬ್ಬ ಗಟ್ಟಿ ಹೆಂಗಸು ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಬ್ಬೆರಳಿಗೆ ಎಲೆ ಕೊಯ್ಯುವ ತಗಡಿನ ಉಗುರು ಹಾಕಿಕೊಂಡು. ಅವಳೇ ಶಿವಮ್ಮ. ಎಲೆತೋಟಕ್ಕೆ ಚಪ್ಪಲಿ ಹಾಕಿಕೊಂಡು ಕಾಲಿಡಬಾರದು, ಅದು ಅವರಿಗೆ ದೇವರ ಮನೆ. ನಾನು ಹಾಕಿಕೊಂಡಿದ್ದದ್ದೋ, ಮಳೆಗಾಲಕ್ಕೆಂದೇ ಕೊಂಡ ಲೇಸಿನ ಬೂಟು. ಆ ಜಿಟಿಜಿಟಿ ಮಳೆಯಲ್ಲಿ ಒಂಟಿಕಾಲಲ್ಲಿ ಕುಣಿದು, ಲೇಸು ಗಂಟು ಬಿದ್ದು, ಅದನ್ನು ಬಿಡಿಸಲಾರದೆ ನನ್ನ ಪಿತ್ತ ನೆತ್ತಿಗೇರಿತು. ಮಾದೇವ ತನ್ನ ಹವಾಯಿ ಚಪ್ಪಲಿ ಕಳಚಿ ಎಸೆದು ಹಲ್ಲು ಕಿರಿಯುತ್ತ ನಿಂತಿದ್ದ.

ಆದರೆ ಒಳಗೆ ಹೋದ ಮೇಲೆ ಸಿಟ್ಟು ಉಳಿಯಲಿಲ್ಲ. ಅದೇನು ತಂಪು ಅಂತೀರಿ! ಉದ್ದಕ್ಕೂ ಸಾಲು ಸಾಲು ಹಾಲುವಾಣದ ಮರ, ನುಗ್ಗೆ ಮರ. ಒಂದೊಂದಕ್ಕೂ ಎಲೆಬಳ್ಳಿ ತಬ್ಬಿಕೊಂಡು ಹತ್ತಿದೆ. ಸಾಲಿನ ನಡುವೆ ಸಣ್ಣ ಸಣ್ಣ ನೀರಿನ ಓಣಿ. ರಸ್ತೆಯ ಹಾರ್ನು ಬೇಲಿಯಾಚೆಗೇ ನಿಂತುಬಿಟ್ಟಿತ್ತು. ಶಿವಮ್ಮನ ಗಂಡ ನಂಜುಂಡಪ್ಪ ಏಣಿಯ ಮೇಲೆ ಬಾಳೆನಾರಿನಿಂದ ಬಳ್ಳಿ ಕಟ್ಟುತ್ತಿದ್ದವನು ನನ್ನ ನಮಸ್ಕಾರಕ್ಕೆ "ಹ್ಞೂಂ" ಅಂದ. ಆಮೇಲೆ ತಿಂಗಳುಗಟ್ಟಲೆ ನಾನು ಅವನ ಬಾಯಿಂದ ಕೇಳಿದ್ದು ಅಷ್ಟೇ ಮಾತು.

ಗೆರೆ ಎಲ್ಲಿ ಹೋಗುತ್ತದೆ ಅಂತ ತೋರಿಸಿದೆ. ಶಿವಮ್ಮ ಕೂಗಾಡಲಿಲ್ಲ. ನಾನು ಕೈ ತೋರಿಸಿದ ಕಡೆಗೆ ನೋಡಿದಳು, ತಿರುಗಿ ನನ್ನನ್ನು ನೋಡಿದಳು.

"ಮದ್ಯಕ್ಕೇ ಸೀಳ್ಬುಟ್ರೆ ಏನ್ ಉಳಿದದವ್ವ? ನೆಳ್ಳು ಓದ್ರೆ ಎಲೆ ಓದಂಗೇ. ಕಾಸು ಕೊಡ್ತರೆ ಅಂತೀರಿ. ಈಸ್ಕಂಡು ನಾನ್ ಏನ್ ಮಾಡ್ಲಿ? ಎಲೆ ಬುಟ್ರೆ ನಂಗೆ ಬ್ಯಾರೆ ಏನ್ ಬಂದದು?"

ಅವಳು ಹೇಳಿದ್ದು ನಿಜ, ಅದು ನನಗೂ ಗೊತ್ತಿತ್ತು.

ಹಾಗೆಂದು ಕಾಲುವೆ ಬೇಡ ಅನ್ನುವಂತಿರಲಿಲ್ಲ. ತೋಟದ ಕೆಳಗಿನ ಗೋಡೆಯಾಚೆಗೇ ವಸಂತ ಮೇಡಂ ಮನೆ. ಲೆಕ್ಕದ ಟೀಚರಾಗಿ ನಿವೃತ್ತರಾದವರು. ಪ್ರತಿ ಮಳೆಗೂ ಅವರ ಮನೆಯೊಳಗೆ ಕೆಸರು ನೀರು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು, ಪುಸ್ತಕಗಳನ್ನು ಅಟ್ಟಕ್ಕೇರಿಸಿ ಬದುಕುತ್ತಿದ್ದರು. "ಬಂದೋರೆಲ್ಲ ಅಳತೆ ಮಾಡ್ಕೊಂಡು ಹೋಗ್ತಾರೆ ಕಣಮ್ಮ. ನೀರೂ ಬರುತ್ತೆ, ಅಳತೆ ಮಾಡ್ಕೊಂಡು ಹೋಗುತ್ತೆ," ಅಂದರು. ಮುಂದಿನ ಮುಂಗಾರಿಗೆ ನಿಮ್ಮ ಹೊಸಿಲು ನೆನೆಯಲ್ಲ ಮೇಡಂ, ಅಂತ ಮಾತು ಕೊಟ್ಟೆ. ಕೊಟ್ಟು ಸ್ಕೂಟರ್ ಹತ್ತಿದ ಮೇಲೆ ಅದನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಲೆಕ್ಕ ಹಾಕತೊಡಗಿದೆ.

ದಾರಿ ಒಂದೇ ಇತ್ತು. ತೋಟದ ಕೆಳಂಚಿನಲ್ಲಿ, ಕೊನೆಯ ಸಾಲಿಗೂ ಬಡಾವಣೆಯ ಗೋಡೆಗೂ ನಡುವೆ, ಯಾವ ಕಾಲದ್ದೋ ಗಾಡಿ ಜಾಡು ಉಳಿದುಕೊಂಡಿತ್ತು. ಸರ್ಕಾರದ ಜಾಗ, ಲಂಟಾನ ಬೆಳೆದು ಮುಚ್ಚಿಹೋಗಿತ್ತು. ಕಾಲುವೆ ಸ್ವಲ್ಪ ಬಳಸಿಕೊಂಡು ಅದರಲ್ಲಿ ಹೋದರೆ ತೋಟ ಉಳಿಯುತ್ತದೆ. ಕಾಂಕ್ರೀಟು ಬೇಡ, ಮಣ್ಣಿನ ದಡ, ಅದರ ಮೇಲೆ ಹುಲ್ಲು, ತಿರುವಿನಲ್ಲಷ್ಟೇ ಕಲ್ಲು. ನುಗ್ಗಿ ಬರುವ ನೀರು ಒಂದಿಷ್ಟು ಹೊತ್ತು ನಿಂತು ಇಂಗಿ, ಸಮಾಧಾನವಾಗಿ ಇಳಿಯಲಿ ಅಂತ ಮೇಲ್ಗಡೆ ಒಂದು ಕಟ್ಟೆ. ಎರಡು ದಿನ ಇಳಿಜಾರು ಅಳೆದೆವು. ಮಾದೇವ ಗೂಟ ನೆಡುತ್ತ ಬಂದ. ತೋಟದ ನಡುವೆ ನೇರ ಗೆರೆಗೆ ಆಗಲೇ ಗೂಟ ಹೊಡೆದು ತಂದದ್ದೆಲ್ಲ ಖರ್ಚಾಗಿತ್ತು. ಅಂಚಿನ ಗೆರೆಗೆ ಗೂಟ ಸಾಲಲಿಲ್ಲ.

"ಬೇಲೀಲಿ ಹಾಲುವಾಣ ಇದೆಯಲ್ಲ ಮೇಡಂ, ನಾಕು ಕೊಂಬೆ ಕಡ್ಕೊಂಡ್ರೆ ಆಯ್ತು," ಅಂದ ಮಾದೇವ. ಶಿವಮ್ಮ ಗೊಣಗಿಕೊಂಡೇ ಮಚ್ಚು ಕೊಟ್ಟಳು. ಅವನು ಹಸಿ ಕೊಂಬೆ ಕಡಿದು, ತುದಿಗೆ ಕೆಂಪು ಬಣ್ಣ ಬಳಿದು, ಬಳಸು ದಾರಿಯುದ್ದಕ್ಕೂ ನೆಟ್ಟ. ಕಾಲುವೆಯ ನಡುಗೆರೆ ಅದು. ಇನ್ನು ಕಚೇರಿಯ ಕೆಲಸ ಅಂತ ನಾನು ಬೂಟು ಹಾಕಿಕೊಂಡು ಹೊರಟೆ.

ಕಚೇರಿಯಲ್ಲಿ ಸಾಹೇಬರು ನನ್ನ ನಕ್ಷೆಯನ್ನು ತಲೆಕೆಳಗು ಮಾಡಿ ನೋಡಿದರು, ಅಡ್ಡ ಹಿಡಿದು ನೋಡಿದರು. "ನೆಟ್ಟಗಿರೋ ಗೆರೇನ ಯಾಕಮ್ಮ ಸೊಟ್ಟ ಮಾಡ್ತೀಯ?" ಅಂದರು. ಕೆಟ್ಟವರಲ್ಲ. ಬಳಸು ದಾರಿಯೆಂದರೆ ಅವರಿಗೆ ಅಲರ್ಜಿ. ನಾನು ವಾದಿಸಿದೆ. ಅವರು ನೋಡೋಣ ಅಂದರು. ಆ ನೋಡೋಣದಲ್ಲೇ ಆಷಾಢ ಹೋಯಿತು, ಶ್ರಾವಣ ಹೋಯಿತು.

ಗೌರಿಹಬ್ಬದ ಹೊತ್ತಿಗೆ ಮಳೆ ಕಿತ್ತುಕೊಂಡು ಬಂತು. ಇಡೀ ಸಂಜೆ ಸುರಿದು ನಿಂತ ಮಾರನೇ ಬೆಳಿಗ್ಗೆ ಸಾಹೇಬರನ್ನು ಹಟ ಹಿಡಿದು ಜೀಪಿನಲ್ಲಿ ಕೂರಿಸಿಕೊಂಡು ಸೀದಾ ವಸಂತ ಮೇಡಂ ಮನೆಗೆ ಕರೆದುಕೊಂಡು ಹೋದೆ. ಮೇಡಂ ಪ್ಯಾಂಟಿನ ಹಾಗೆ ಸೀರೆ ಕಚ್ಚೆ ಹಾಕಿಕೊಂಡು ಕೆಸರು ಬಾಚುತ್ತಿದ್ದರು. ಗೌರಿಗೆ ಕಟ್ಟಿದ್ದ ಬಾಳೆಕಂದು ಅಡ್ಡಬಿದ್ದಿತ್ತು. ನೀರು ಬಂದ ದಾರಿಯ ಕೆಸರಿನ ಗುರುತು ಗೋಡೆಯ ಬುಡದಲ್ಲಿ ಎದ್ದು ಕಾಣುತ್ತಿತ್ತು: ಅದು ಬಂದದ್ದು ನೇರ ಗೆರೆಯಲ್ಲಲ್ಲ, ಗಾಡಿ ಜಾಡಿನಲ್ಲಿ. ಸಾಹೇಬರು ಬಗ್ಗಿ ಆ ಗುರುತಿನ ಮೇಲೆ ಬೆರಳಾಡಿಸಿದರು.

"ನೀರು ನಿನ್ನ ಪಾರ್ಟಿ ಸೇರ್ಕೊಂಡಿದೆ ಕಣಮ್ಮ," ಅಂದರು ಕೊನೆಗೆ. "ಆಯ್ತು, ಸೊಟ್ಟ ಗೆರೇನೇ ಮಾಡು. ಆದ್ರೆ ಮುಂದಿನ ಮಳೆಗಾಲದ ಒಳಗೆ ಮುಗೀಬೇಕು. ಮುಗೀಲಿಲ್ವೋ, ಆಮೇಲೆ ನೆಟ್ಟಗಿರೋದೇ. ಆಗ ಯಾರು ಬಂದು ಅತ್ರೂ ನಾನು ಕೇಳಲ್ಲ."

ಖುಷಿಗೆ ಅಂದು ಮನೆಗೆ ಮೈಸೂರ್ ಪಾಕ್ ಕಟ್ಟಿಸಿಕೊಂಡು ಹೋದೆ. ದಸರಾ ಮುಗಿಯಿತು, ಮಂಜೂರಾತಿ ಬಂತು. ದೀಪಾವಳಿ ಕಳೆದ ಮೇಲೆ, ಎಳೆಬಿಸಿಲಿನ ಒಂದು ಬೆಳಿಗ್ಗೆ, ಅಗೆಯುವ ಮೊದಲು ಸುಣ್ಣದಲ್ಲಿ ಗುರುತು ಹಾಕೋಣ ಅಂತ ನಾನೂ ಮಾದೇವನೂ ತೋಟಕ್ಕೆ ಬಂದೆವು. ಈ ಸಲ ನಾನು ಜಾಣೆ, ಚಪ್ಪಲಿಯಲ್ಲಿ ಬಂದಿದ್ದೆ.

ಗಾಡಿ ಜಾಡಿನ ಲಂಟಾನವನ್ನು ಶಿವಮ್ಮ ಸವರಿ ಚೊಕ್ಕ ಮಾಡಿಸಿದ್ದಳು. ಆದರೆ ನನ್ನ ಗೂಟಗಳು ಕಾಣಲಿಲ್ಲ. ಅವುಗಳ ಜಾಗದಲ್ಲಿ ಒಂದು ಸಾಲು ಎಳೇ ಗಿಡ ನಿಂತಿತ್ತು, ಎಲೆ ಅಲ್ಲಾಡಿಸಿಕೊಂಡು. ಹತ್ತಿರ ಹೋಗಿ ನೋಡಿದರೆ ತುದಿಯಲ್ಲಿ ಕೆಂಪು ಬಣ್ಣ!

ಮಾದೇವ ಸುಣ್ಣದ ಚೀಲ ಕೆಳಗಿಟ್ಟು ತಲೆ ಕೆರೆದುಕೊಂಡ. "ಮೇಡಂ, ನಮ್ಮ ಸರ್ವೆ ಚಿಗುರ್ಬುಟ್ಟದೆ."

ಬರೀ ಚಿಗುರಿದ್ದರೆ ಹಾಳಾಗಿ ಹೋಗಲಿ, ಕಿತ್ತು ಬೇರೆ ಕಡೆ ನೆಡಬಹುದಿತ್ತು. ಪ್ರತಿ ಗೂಟದ ಬುಡದಲ್ಲೂ ಒಂದೊಂದು ಎಲೆಬಳ್ಳಿ ಬೇರು ಬಿಟ್ಟು, ಗೂಟವನ್ನು ಹಿಡಿದು, ಸೊಂಟದ ಮಟ್ಟ ಹತ್ತಿತ್ತು. ಬಾಳೆನಾರಿನಲ್ಲಿ ಅಚ್ಚುಕಟ್ಟಾಗಿ ಕಟ್ಟಿ ಬೇರೆ ಇತ್ತು.

"ಇದನ್ನ ಯಾರು ಹಚ್ಚಿದ್ದು?" ಅಂತ ಕೂಗಿದೆ.

"ನಾನೇ ಕಣವ್ವ," ಅಂದಳು ಶಿವಮ್ಮ, ಹೊಗಳಿಕೆಗೆ ಕಾದವಳ ಹಾಗೆ. "ಕೋಲು ಚಿಗುರ್ತು. ಚಿಗುರಿದ್ ಕೋಲ ಬರಿದಾಗಿ ಬುಟ್ಟು ನೋಡ್ಕಂಡು ಕೂರಕಾಯ್ತದಾ? ಅಂಬು ಹಚ್ದೆ."

ಎಲೆಬಳ್ಳಿಗೆ ಅವರು ಅಂಬು ಅನ್ನುತ್ತಾರೆ. ನೆಟ್ಟಗೆ ನಿಂತ ಜೀವ ಇರುವ ಕೋಲು ಕಂಡರೆ ಆ ಹೆಂಗಸಿನ ಕೈ ಸುಮ್ಮನಿರದು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಶಿವಮ್ಮಾ, ಅದು ಕಾಲುವೆ ನಡುಗೆರೆ! ಅಲ್ಲೇ ಅಗೀಬೇಕು! ಕೀಳಿಸಿ ಇದನ್ನೆಲ್ಲ."

ಅವಳ ಮುಖದ ಖುಷಿ ಇಳಿಯಿತು. "ಕೀಳದಾ? ಏನ್ ಮಾತು ಅಂತ ಆಡೀರಿ! ಇಡ್ದಿರೋ ಅಂಬ ಮೊದಲ್ನೇ ಸತಿ ಇಳ್ಸೋಗಂಟ ಯಾರೂ ಕೀಳಕಿಲ್ಲ. ನಮ್ಮತ್ತೆ ಕಿತ್ತಿಲ್ಲ, ನಾನೂ ಕಿತ್ತಿಲ್ಲ."

ಬಳ್ಳಿ ಇಳಿಸುವುದು ಅಂದರೆ ತೋಟದ ದೊಡ್ಡ ಕೆಲಸ. ಬಳ್ಳಿ ಮರದ ತುದಿ ಮುಟ್ಟಿದ ಮೇಲೆ ಅದನ್ನು ಬಿಡಿಸಿ, ಕೆಳಗಿಳಿಸಿ, ಸುರುಳಿ ಸುತ್ತಿ ಬುಡದ ಮಣ್ಣಿಗೆ ಸೇರಿಸುತ್ತಾರೆ. ಅಲ್ಲಿಂದ ಅದು ಹೊಸದಾಗಿ ಮತ್ತೆ ಹತ್ತುತ್ತದೆ. ಈ ಎಳೇ ಬಳ್ಳಿಗಳು ತುದಿ ಮುಟ್ಟಿ ಇಳಿಸುವ ಹೊತ್ತಿಗೆ ಎರಡನೇ ಮಳೆಗಾಲವೇ ಬಂದಿರುತ್ತದೆ. ಅಷ್ಟು ಕಾದರೆ ಸಾಹೇಬರ ನೇರ ಗೆರೆ ಬರುತ್ತದೆ, ಇಡೀ ತೋಟವೇ ಸೀಳಿಹೋಗುತ್ತದೆ. ಅದನ್ನು ಬಿಡಿಸಿ ಹೇಳಿದೆ. ಮೊದಲು ಮೆತ್ತಗೆ, ಆಮೇಲೆ ಜೋರಾಗಿ. ನನ್ನ ಗಂಟಲು ದೊಡ್ಡದು, ಸಿಟ್ಟು ಬಂದರೆ ಇನ್ನೂ ದೊಡ್ಡದು.

"ನಿಮ್ಮ ತೋಟ ಉಳಿಸೋಕೆ ಅಂತ ನಾನು ಆಫೀಸಲ್ಲಿ ಬಡ್ಕೊಂಡಿದ್ದು ಶಿವಮ್ಮ! ಈ ಹತ್ತಾರು ಬಳ್ಳಿಗೋಸ್ಕರ ಎಲ್ಲಾನೂ ಕಳ್ಕೋತೀರಾ?"

"ಗೊತ್ತಾಯ್ತದೆ ಕಣವ್ವ, ನಾನೇನ್ ಪೆದ್ದಿಯಾ?" ಅವಳ ಕಣ್ಣಲ್ಲಿ ನೀರಿತ್ತು. "ಗೊತ್ತಾದ್ರೂ ಕೈ ಬರಕಿಲ್ಲ."

ನಮ್ಮ ಗಲಾಟೆ ಗೋಡೆಯಾಚೆ ಕೇಳಿಸಿ ವಸಂತ ಮೇಡಂ ಬಂದರು. ಬೇಲಿಯ ಹತ್ತಿರ ಸಾಲಾಗಿ ಬಿಟ್ಟಿದ್ದ ಚಪ್ಪಲಿ ನೋಡಿ ತಾವೂ ಬಿಟ್ಟು ಒಳಗೆ ಬಂದರು. ಒಂದೇ ಗೋಡೆಯ ಎರಡು ಬದಿಗೆ ಅಷ್ಟು ವರ್ಷ ಬದುಕಿದ್ದರೂ ಅವರಿಬ್ಬರೂ ಮುಖ ನೋಡಿಕೊಂಡದ್ದು ಅಂದೇ. ಮೇಡಂ ಬೈಯುತ್ತಾರೆ ಅಂತ ನಾನು ಕಾದೆ. ಬೈಯಬೇಕು ಅಂತಲೇ ಬಂದಿದ್ದರೇನೋ. ಶಿವಮ್ಮನ ಕಣ್ಣು ನೋಡಿ ದನಿ ಬದಲಾಯಿತು.

"ನೋಡಮ್ಮ, ಗೌರಿ ದಿವಸ ನಮ್ಮ ದೇವರ ಮನೆಗೆ ಕೆಸರು ಬಂತು. ನಾನು ಇನ್ನೆಷ್ಟು ವರ್ಷ ಬಾಚಲಿ, ನೀವೇ ಹೇಳಿ."

ಶಿವಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ದ್ಯಾವ್ರ ಮನೆಗಾ? ಅಯ್ಯೋ ನನ್ನವ್ವ... ಆ ನೀರು ನಮ್ ತ್ವಾಟದಲ್ಲೂ ನಿಂತು ಬುಡ ಕೊಳುಸ್ತದೆ ಕಣ್ರವ್ವ. ಗೋಡೆ ಆಚೆ ಏನಾಯ್ತದೆ ಅಂತ ನಾನ್ ಕಂಡಿರ್ಲಿಲ್ಲ."

ನಾನು ಗೂಟದ ಸಾಲನ್ನು ನೋಡಿದೆ, ಗೋಡೆಯನ್ನು ನೋಡಿದೆ. ಕಾಲುವೆಯನ್ನು ಗೋಡೆಯ ಕಡೆಗೆ ಸರಿಸಿದರೆ ಗೋಡೆಯ ಪಾಯ ಕುಸಿಯುತ್ತದೆ. ಈ ಕಡೆ ಸರಿಸೋಣವೆಂದರೆ ತೋಟದ ಕೊನೆಯ ಸಾಲು ಅಡ್ಡ. ಅದನ್ನು ಕೇಳುವ ಬಾಯಿ ನನಗಿರಲಿಲ್ಲ. ತೋಟ ಮುಟ್ಟುವುದಿಲ್ಲ ಅಂತ ಹೇಳಿಕೊಂಡು ಬಂದವಳೇ ನಾನು.

ಆಗ ಏಣಿಯ ಮೇಲಿಂದ ಒಂದು ದನಿ ಬಂತು. "ಕೊನೇ ಸಾಲು ಇಳ್ಸನ."

ನಂಜುಂಡಪ್ಪ! ಅವನಿಗೆ ಮಾತು ಬರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಅವನು ಇಳಿದು ಬಂದು, ಕೊನೆಯ ಸಾಲಿನ ಒಂದು ಮುದಿ ಮರದ ಮೇಲೆ ಕೈಯಿಟ್ಟು ನಿಂತ. "ಎಂಗೂ ಇಳ್ಸೋ ಕಾಲ ಬಂದದೆ. ಇಳ್ಸಿ, ತುಂಡು ಮಾಡಿ ಮೇಲ್ಗಡೆ ಸಾಲ್ಗೆ ಹಚ್ಕಂಡ್ರಾಯ್ತು. ಆ ಎಳೇವು ಅಲ್ಲೇ ಇರ್ಲಿ. ನೀರು ಈ ಕಡೀಕೆ ಓಗ್ಲಿ."

ಶಿವಮ್ಮ ಗಂಡನ ಮುಖವನ್ನೇ ನೋಡಿದಳು. ಆ ಕೊನೆಯ ಸಾಲು ಅವರು ಮದುವೆಯಾದ ವರ್ಷ ಇಬ್ಬರೂ ಕೂಡಿ ನೆಟ್ಟದ್ದು ಅಂತ ಮಾದೇವ ಆಮೇಲೆ ಕೇಳಿ ತಿಳಿದು ನನಗೆ ಹೇಳಿದ. ಅಂದು ಆ ಮಾತಿನ ಮಲ್ಲಿ ಅಂದದ್ದು ಇಷ್ಟೇ.

"ಹ್ಞೂಂ."

ನಾನು ಅಲ್ಲೇ ಬದುವಿನ ಮೇಲೆ ಕೂತು ಮೊಣಕಾಲ ಮೇಲೆ ನಕ್ಷೆ ಹಾಸಿ ಪೆನ್ಸಿಲ್ ತೆಗೆದೆ. ನಡುಗೆರೆಯಾಗಿದ್ದ ಗೂಟದ ಸಾಲು ಈಗ ಕಾಲುವೆಯ ದಡ. ಗೂಟಕ್ಕೂ ಗೋಡೆಗೂ ನಡುವೆ ಉಳಿದದ್ದು ಓಡಾಡುವ ದಾರಿ. ಬೇರು ಇಳಿದ ಮೇಲೆ ದಡದ ಮಣ್ಣನ್ನು ಆ ಗಿಡಗಳೇ ಹಿಡಿದುಕೊಳ್ಳುತ್ತವೆ. ಇದನ್ನು ನಾನು ಮೊದಲೇ ಯೋಚಿಸಿ ಮಾಡಿದ್ದು ಅಂತ ಸಾಹೇಬರಿಗೆ ಹೇಳುವ ಆಸೆಯಾಯಿತು. ಹೇಳಲಿಲ್ಲ, ಮಾದೇವ ಬಿಡುತ್ತಿರಲಿಲ್ಲ. ಅವನು ಅಂದು ಸಂಜೆಯೊಳಗೇ ಕಚೇರಿಯ ತುಂಬ ಹೇಳಿಕೊಂಡು ಬಂದಿದ್ದ, ಸರ್ಕಾರದ ಗೂಟ ಚಿಗುರಿದ್ದು ಇದೇ ಮೊದಲು ಅಂತ.

ಕೊನೆಯ ಸಾಲು ಇಳಿಸಿದ ದಿನ ತೋಟದಲ್ಲಿ ಮದುವೆ ಮನೆಯ ಗದ್ದಲ. ಮೊದಲು ಬುಡಕ್ಕೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದರು. ನೆಂಟರು ಬಂದಿದ್ದರು. ನಾರಿನ ಕಟ್ಟು ಬಿಚ್ಚುತ್ತ, ಬಳ್ಳಿ ಮುರಿಯದ ಹಾಗೆ ಕೈಯಿಂದ ಕೈಗೆ ಇಳಿಸಿಕೊಳ್ಳುತ್ತ, ತುಂಡು ಮಾಡಿ ಒದ್ದೆ ಗೋಣಿಯಲ್ಲಿ ಸುತ್ತಿದರು. ವಸಂತ ಮೇಡಂ ಫ್ಲಾಸ್ಕ್ ತುಂಬ ಕಾಫಿ ತಂದರು. ಹೋಗುವಾಗ ಶಿವಮ್ಮ ಅವರ ಕೈಗೂ ಒಂದು ತುಂಡು ಬಳ್ಳಿ ಕೊಟ್ಟು, "ಗೋಡೆ ಪಕ್ಕ ನೆಟ್ಕಳಿ, ಬುಡಕ್ಕೆ ಮೆಟ್ಟು ತುಳೀಬೇಡಿ," ಅಂತ ತಾಕೀತು ಮಾಡಿದಳು. ಮೇಡಂ ವಿಧೇಯ ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸಿದರು.

ಚಳಿಗಾಲವೆಲ್ಲ ಅಗೆತ. ಸಂಕ್ರಾಂತಿಗೆ ಕಟ್ಟೆ ಮುಗಿಯಿತು, ಶಿವರಾತ್ರಿ ಹೊತ್ತಿಗೆ ದಡಕ್ಕೆ ಹುಲ್ಲು ಹತ್ತಿತು. ಶಿವಮ್ಮ ದಿನಾ ಬಂದು ಹುಲ್ಲಿಗೆ ನೀರು ಚಿಮುಕಿಸುತ್ತಿದ್ದಳು, ಬೇಡ ಅಂದರೂ ಕೇಳುತ್ತಿರಲಿಲ್ಲ.

ಯುಗಾದಿ ಕಳೆದು ಸೆಕೆ ಏರಿದ ಒಂದು ಸಂಜೆ ಚಾಮುಂಡಿಬೆಟ್ಟದ ಮೇಲೆ ಕಪ್ಪು ಕಟ್ಟಿತು. ಮೊದಲ ಗುಡುಗಿಗೇ ನಾನು ಸ್ಕೂಟರ್ ಹತ್ತಿದೆ. ಮೈಯೆಲ್ಲ ತೊಪ್ಪೆಯಾಗಿ ತೋಟ ಮುಟ್ಟಿ, ಚಪ್ಪಲಿ ಬಿಸಾಕಿ ಓಡಿದೆ. ಮೇಲಿನ ಮೋರಿಯಿಂದ ಕೆಂಪು ನೀರು ಧುಮುಕುತ್ತಿತ್ತು. ಕಟ್ಟೆ ತುಂಬುತ್ತಿತ್ತು. ಶಿವಮ್ಮ ಗೋಣಿಚೀಲ ಕೊಪ್ಪೆ ಹಾಕಿಕೊಂಡು ದಡದಲ್ಲಿ ನಿಂತಿದ್ದಳು, ನಂಜುಂಡಪ್ಪ ಪಕ್ಕದಲ್ಲಿ. ಮೂವರೂ ನೋಡುತ್ತ ನಿಂತೆವು. ಕಟ್ಟೆ ತುಂಬಿತು, ನೀರು ತೂಬಿನಿಂದ ಇಳಿಯಿತು, ತಿರುವಿಗೆ ಬಂತು. ತಿರುವಿನ ಕಲ್ಲಿಗೆ ಬಡಿದು ಒಂದು ಸಲ ಮೇಲೆದ್ದಾಗ ಶಿವಮ್ಮ ನನ್ನ ತೋಳು ಹಿಡಿದ ಹಿಡಿತಕ್ಕೆ ಮಾರನೇ ದಿನ ನೀಲಿಗಟ್ಟಿತ್ತು. ಆಮೇಲೆ ಅದು ತಣ್ಣಗೆ ಹೊರಳಿ, ಎಳೇ ಗಿಡಗಳ ಬುಡ ಸವರಿಕೊಂಡು, ತನ್ನ ಪಾಡಿಗೆ ತಾನು ಕೆಳಕ್ಕೆ ಹೋಯಿತು.

ಫೋನು ಬಡಿದುಕೊಂಡಿತು. ವಸಂತ ಮೇಡಂ. "ಉಮಾ, ಹೊಸಿಲ ಮೇಲಿನ ರಂಗೋಲಿ ಹಾಗೇ ಇದೆ ಕಣೇ! ಹಾಗೇ ಇದೆ!" ಅಂತ ಕೂಗುತ್ತಿದ್ದರು. ನಾನು ಆ ಮಳೆಯಲ್ಲಿ ಗೊಳೋ ಅಂತ ಅತ್ತೆ. ಯಾಕೆ ಅಳ್ತೀರಿ ಅಂತ ಶಿವಮ್ಮ ಬೈದಳು, ತಾನೂ ಅತ್ತಳು. ನಂಜುಂಡಪ್ಪ "ಹ್ಞೂಂ" ಅಂದ.

ಆಮೇಲೆ ಎಷ್ಟೋ ಕೆಲಸ ಮಾಡಿದೆ. ಇಲವಾಲದ ಕಡೆ, ಸಿದ್ಧಾರ್ಥನಗರದ ಕಡೆ, ಇನ್ನೂ ದೊಡ್ಡವು. ಯಾವುದೂ ಮೂಗಿಗೆ ಹೀಗೆ ಅಂಟಿಕೊಳ್ಳಲಿಲ್ಲ.

ಅಮ್ಮ ಎಲೆ ಮುಗಿಯಿತು ಅಂದ ಮಾರನೇ ದಿನ ತೋಟಕ್ಕೆ ಹೋದೆ. ಸಣ್ಣಗೆ ಹನಿಯುತ್ತಿತ್ತು. ಕಾಲುವೆಗೆ ನಮ್ಮ ಕಚೇರಿಯಲ್ಲಿ ಒಂದು ನಂಬರಿದೆ. ಅಲ್ಲಿನವರಿಗೆ ಅದು ಗೂಟದ ಕಾಲುವೆ. ಗೂಟಗಳೀಗ ಎರಡಾಳೆತ್ತರದ ಮರ. ಬಳ್ಳಿ ಎಷ್ಟು ಸಲ ಇಳಿದು ಎಷ್ಟು ಸಲ ಹತ್ತಿತೋ. ಗೋಡೆ ಬದಿಯ ದಾರಿಯಲ್ಲಿ ವಸಂತ ಮೇಡಂ ಕೋಲೂರಿಕೊಂಡು ಸಂಜೆಯ ನಡಿಗೆಗೆ ಬಂದಿದ್ದರು. ನನ್ನನ್ನು ಕಂಡು ಕೋಲೆತ್ತಿ ಬೀಸಿದರು.

ಬೇಲಿಯ ಹತ್ತಿರ ಸಿಕ್ಕ ಶಿವಮ್ಮ ಎಲೆ ಕಟ್ಟು ತರಲು ಒಳಗೆ ಹೋದಳು. ಚಪ್ಪಲಿ ಬಿಡಬೇಕಲ್ಲ, ಕೈಯಲ್ಲಿದ್ದ ಛತ್ರಿಯನ್ನು ಮಡಚಿ ಪಕ್ಕದ ಹಸಿ ಮಣ್ಣಿಗೆ ಚುಚ್ಚಿ ನಿಲ್ಲಿಸಿದೆ. ಕಾಲ್ಬೆರಳಿಗೆ ಸಿಕ್ಕಿಕೊಂಡ ಚಪ್ಪಲಿ ಪಟ್ಟಿ ಬಿಡಿಸುತ್ತಿದ್ದಾಗ ಸಾಲಿನ ನಡುವಿನಿಂದ ಅದೇ ಹಳೆಯ ದನಿ ಬಂತು.

"ಛತ್ರಿ ಅಲ್ಲಿ ನಿಲ್ಲುಸ್ಬ್ಯಾಡ ಕಣವ್ವ! ನೀನು ಆ ಕಡೆ ತಿರುಗೋದ್ರೊಳ್ಗೆ ಅಂಬು ಹಚ್ಬುಟ್ಟೇನು!"